ಮೂರು ಭಾನುವಾರ ದಾಟಿದ ಹುಣ್ಣು

ನಾಲಗೆಯ ಮೇಲೆ ಒಂದು ಹುಣ್ಣು ಎದ್ದರೆ ನಮ್ಮ ಲೈನುಗಳಲ್ಲಿ ಯಾರೂ ಅದನ್ನು ಕಾಯಿಲೆ ಎಂದು ಎಣಿಸುವುದಿಲ್ಲ. ಉಷ್ಣ ಎನ್ನುತ್ತೇವೆ, ಹಲ್ಲು ತಾಗಿತು ಎನ್ನುತ್ತೇವೆ, ಹೊಟ್ಟೆ ಕೆಟ್ಟಿದೆ ಎನ್ನುತ್ತೇವೆ. ಮಜ್ಜಿಗೆ ಕುಡಿ, ತುಪ್ಪ ಹಚ್ಚು, ಡಿಸ್ಪೆನ್ಸರಿಯಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತಂದು ನುಂಗು ಎಂದು ನೆರೆಮನೆಯವರು ಹೇಳುತ್ತಾರೆ. ಆ ಮಾತು ಸುಳ್ಳೇನಲ್ಲ. ಬಹುಪಾಲು ಹುಣ್ಣುಗಳು ಹತ್ತು ಹದಿನಾಲ್ಕು ದಿನಗಳಲ್ಲಿ ತಾವಾಗಿಯೇ ಮಾಯುತ್ತವೆ. ಆದರೆ ಮಾಯದ ಹುಣ್ಣು ಎಂಬುದೊಂದಿದೆ. ಈ ಸಂಚಿಕೆಯಲ್ಲಿ ನಾವು ಬರೆಯುತ್ತಿರುವುದು ಅದರ ಬಗ್ಗೆ. ಅದರಲ್ಲೂ ಇಪ್ಪತ್ತು, ಮೂವತ್ತು, ನಲವತ್ತರ ಪ್ರಾಯದ ನಮ್ಮ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು.

ನಾವು ವೈದ್ಯರಲ್ಲ. ವೈದ್ಯರು ಹೇಳುವುದನ್ನು ನಮ್ಮ ಲೈನಿನ ಮಾತಿನಲ್ಲಿ ಹೇಳಲು ಹೊರಟವರು. ಹೇಳಬೇಕಾದುದು ಒಂದೇ ಮಾತು, ಉಳಿದುದೆಲ್ಲ ಅದರ ವಿವರಣೆ. ಬಾಯಿಯಲ್ಲಿ, ಮುಖ್ಯವಾಗಿ ನಾಲಗೆಯ ಅಂಚಿನಲ್ಲಿ ಎದ್ದ ಹುಣ್ಣಾಗಲಿ ಗಂಟಾಗಲಿ ಮೂರು ಭಾನುವಾರ ಕಳೆದರೂ ಹೋಗದಿದ್ದರೆ ನಾಲ್ಕನೆಯ ಭಾನುವಾರಕ್ಕೆ ಕಾಯಬಾರದು. ವಯಸ್ಸು ಎಷ್ಟೇ ಇರಲಿ, ಎಲೆಯಡಿಕೆ ಹಾಕುವವರಾಗಲಿ ಹಾಕದವರಾಗಲಿ, ನೋವಿರಲಿ ಇಲ್ಲದಿರಲಿ, ಡಾಕ್ಟರಿಗೆ ತೋರಿಸಬೇಕು. ಭಾನುವಾರ ಎಂದು ನಾವು ಲೆಕ್ಕ ಹಾಕುವುದಕ್ಕೆ ಕಾರಣವಿದೆ. ವಾರದ ಉಳಿದ ದಿನಗಳೆಲ್ಲ ಮಸ್ಟರು, ತೂಕ, ಒಲೆ, ಮಕ್ಕಳು ಎಂದು ಒಂದರೊಳಗೊಂದು ಸೇರಿಹೋಗುತ್ತವೆ. ರಜೆಯ ದಿನವೊಂದೇ ನೆನಪಿನಲ್ಲಿ ಉಳಿಯುವ ದಿನ.

ಈ ವ್ಯಾಧಿಯ ಹೆಸರು ನಾಲಗೆಯ ಕ್ಯಾನ್ಸರು. ಬಾಯಿ ತೆರೆದಾಗ ಹೊರಗೆ ಚಾಚಲು ಬರುವ ನಾಲಗೆಯ ಭಾಗದಲ್ಲಿ ಅದು ಹೆಚ್ಚಾಗಿ ಹುಟ್ಟುವುದು ಎಡ ಅಥವಾ ಬಲ ಅಂಚಿನಲ್ಲಿ. ಮೊದಲಿಗೆ ಒಂದು ಬಿಳಿಯ ಮಚ್ಚೆ ಇರಬಹುದು, ಉಜ್ಜಿದರೂ ಹೋಗುವುದಿಲ್ಲ. ಕೆಂಪು ಮಚ್ಚೆಯಾದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಕೆಲವರಲ್ಲಿ ನೇರವಾಗಿ ಹುಣ್ಣಾಗಿಯೇ ಕಾಣಿಸುತ್ತದೆ. ಬೆರಳಿನಿಂದ ಮುಟ್ಟಿದರೆ ಬುಡ ಗಟ್ಟಿಯಾಗಿ ಸಿಗುತ್ತದೆ, ಕೆಲವೊಮ್ಮೆ ರಕ್ತ ಒಸರುತ್ತದೆ. ಮೋಸ ಇರುವುದು ಇಲ್ಲಿಯೇ: ಆರಂಭದಲ್ಲಿ ಅನೇಕರಿಗೆ ನೋವೇ ಇರುವುದಿಲ್ಲ. ಸಾಧಾರಣ ಬಾಯಿಹುಣ್ಣು ಚುರುಚುರು ಎಂದು ಉರಿಯುತ್ತದೆ, ನಾವು ಅದಕ್ಕೆ ಗಮನ ಕೊಡುತ್ತೇವೆ. ಉರಿಯದ ಹುಣ್ಣನ್ನು ಮರೆಯುತ್ತೇವೆ. ಮುಂದೆ ಕಾಯಿಲೆ ಬೆಳೆದಾಗ ಅದೇ ಬದಿಯ ಕಿವಿಯಲ್ಲಿ ನೋವು, ನುಂಗಲು ಕಷ್ಟ, ಮಾತು ತೊದಲುವುದು, ನಾಲಗೆ ಸಲೀಸಾಗಿ ಹೊರಳದಿರುವುದು, ಕತ್ತಿನಲ್ಲಿ ಗಂಟು, ಇವು ಒಂದೊಂದಾಗಿ ಬರುತ್ತವೆ. ಕಿವಿ ನೋವೆಂದು ಕಿವಿಗೆ ಎಣ್ಣೆ ಬಿಟ್ಟುಕೊಂಡು ಬಾಯಿಯೊಳಗೆ ನೋಡದೆ ಇರುವವರೂ ಇದ್ದಾರೆ.

ಕಾರಣಗಳಲ್ಲಿ ಮೊದಲನೆಯದು ನಮ್ಮೆಲ್ಲರಿಗೂ ಗೊತ್ತಿರುವುದೇ. ಹೊಗೆಸೊಪ್ಪು ಯಾವ ರೂಪದಲ್ಲಿ ಹೋದರೂ, ಬೀಡಿಯಾಗಿ, ಕಡ್ಡಿಪುಡಿಯಾಗಿ, ಗುಟ್ಕಾ ಆಗಿ, ಎಲೆಯಡಿಕೆಯ ಜೊತೆಯ ಚೂರಾಗಿ, ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಅದರ ಜೊತೆಗೆ ಸಾರಾಯಿ, ಬ್ರಾಂದಿ ಸೇರಿದರೆ ಅಪಾಯ ಮತ್ತೂ ಬಹಳ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪು ಸೇರಿಸಿದ ವೀಳ್ಯವನ್ನು 1985ರಲ್ಲಿಯೇ ಕ್ಯಾನ್ಸರಿನ ಕಾರಣವೆಂದು ಹೇಳಿತು. ನಮ್ಮಲ್ಲಿ ಹಲವರು "ನಾನು ಬರೀ ಎಲೆ, ಅಡಿಕೆ, ಸುಣ್ಣ ಹಾಕುವವಳು, ಹೊಗೆಸೊಪ್ಪು ಮುಟ್ಟುವುದಿಲ್ಲ" ಎಂದು ಸಮಾಧಾನ ಪಡುತ್ತಾರೆ. ಅದೇ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆ ಸಮಾಧಾನವೂ ಹೋಯಿತು. ಹೊಗೆಸೊಪ್ಪಿಲ್ಲದ ವೀಳ್ಯವೂ, ಅಡಿಕೆಯೂ ಕ್ಯಾನ್ಸರನ್ನು ತರುತ್ತವೆ ಎಂದು ಅದು ನಿರ್ಣಯಿಸಿತು. ಅಡಿಕೆ ಬಹುದಿನ ಅಗಿದವರ ಬಾಯಿಯ ಒಳಪದರ ನಾರುನಾರಾಗಿ ಬಿಗಿಯುತ್ತದೆ. ಖಾರದ ಸಾರು ಉರಿಯುತ್ತದೆ, ಬಾಯಿ ಅಗಲವಾಗಿ ತೆರೆಯಲು ಬರುವುದಿಲ್ಲ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹೋಗದಿದ್ದರೆ ವೈದ್ಯರನ್ನು ಕಾಣಿರಿ.

ಇದನ್ನು ಹೇಳುವಾಗ ನಾವು ನಮ್ಮ ಅಕ್ಕತಂಗಿಯರನ್ನು ಗದರಿಸುತ್ತಿಲ್ಲ. ಆಷಾಢದ ಮಳೆಯಲ್ಲಿ, ಜಿಗಣೆಯ ನಡುವೆ, ಬೆನ್ನಿಗೆ ಪ್ಲಾಸ್ಟಿಕ್ ಕೊಪ್ಪೆ ಕಟ್ಟಿಕೊಂಡು ಬೆಳಗಿನಿಂದ ನಿಂತು ಎಲೆ ಕೀಳುವವಳಿಗೆ ಆ ಒಂದು ಚೂರು ಎಷ್ಟು ಬಿಸಿ ಕೊಡುತ್ತದೆ, ಹಸಿವನ್ನು ಎಷ್ಟು ಹೊತ್ತು ತಡೆಯುತ್ತದೆ ಎಂಬುದು ನಮಗೆ ತಿಳಿಯದುದಲ್ಲ. ಹಲ್ಲುನೋವಿಗೆಂದು ಆರಂಭಿಸಿ ಬಿಡಲಾರದೆ ಹೋದವರಿದ್ದಾರೆ. ಅತ್ತೆಯ ಚೀಲದಿಂದ ಮೊದಲ ತುಂಡು ಪಡೆದವರಿದ್ದಾರೆ. ಹಸಿವನ್ನು ಅಡಿಕೆಯಿಂದ ಮರೆಸುವ ಪರಿಸ್ಥಿತಿ ಯಾಕೆ ಬಂತು ಎಂದು ಕೇಳುವುದೂ ನಮ್ಮ ಕರ್ತವ್ಯವೇ. ಆದರೆ ಕಾರಣ ಏನೇ ಇರಲಿ, ಬಾಯಿಯೊಳಗೆ ಅದು ಮಾಡುವ ಕೆಲಸ ಮಾತ್ರ ಒಂದೇ. ಬಿಡಬೇಕೆಂದು ಮನಸ್ಸು ಮಾಡಿದವರಿಗೆ ಸಲಹೆ ಹೇಳಲು ಸರಕಾರದ ಉಚಿತ ಫೋನ್ ಇದೆ: 1800 112 356.

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇವೆ. ಯಾವ ಅಭ್ಯಾಸವೂ ಇಲ್ಲದ, ವಯಸ್ಸಾಗದ ಹೆಣ್ಣುಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ಅಮೆರಿಕದಲ್ಲಿ 1975ರಿಂದ 2007ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 18ರಿಂದ 44 ವರ್ಷದ ಬಿಳಿಯ ಹೆಂಗಸರಲ್ಲಿ ನಾಲಗೆಯ ಕ್ಯಾನ್ಸರು ಏರುತ್ತಾ ಬಂದಿರುವುದು ಕಂಡುಬಂತು. ಬೀಡಿ ಸಿಗರೇಟು ಸೇದದ, ಕುಡಿಯದ ಇಂಥ ರೋಗಿಗಳನ್ನು ಬೇರೆ ಬೇರೆ ದೇಶಗಳ ವೈದ್ಯರು ಕಂಡಿದ್ದಾರೆ. ಅದಕ್ಕೆ ಸರಿಯಾದ ಕಾರಣ ಇನ್ನೂ ಪತ್ತೆಯಾಗಿಲ್ಲ. ನಾಲಗೆಯ ಬುಡ ಮತ್ತು ಗಂಟಲಿನ ಕ್ಯಾನ್ಸರಿಗೆ ಎಚ್.ಪಿ.ವಿ. ಎಂಬ ವೈರಸ್ಸು ಕಾರಣವಾಗುವುದುಂಟು. ನಾಲಗೆಯ ಮುಂಭಾಗದ ಕ್ಯಾನ್ಸರಿನಲ್ಲಿ ಅದರ ಪಾತ್ರ ಕಡಿಮೆ. ಮುರಿದ, ಮೊನಚಾದ ಹಲ್ಲು ಒಂದೇ ಜಾಗವನ್ನು ವರ್ಷಗಟ್ಟಲೆ ಕೆರೆಯುತ್ತಿರುವುದನ್ನೂ ವೈದ್ಯರು ಅನುಮಾನದಿಂದ ನೋಡುತ್ತಾರೆ. ಅಂಥ ಹಲ್ಲನ್ನು ಉಜ್ಜಿ ನಯ ಮಾಡಿಸಬೇಕು. ಮಾಡಿಸಿ ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ತಪ್ಪು ಹಲ್ಲಿನದಲ್ಲ ಎಂದು ತಿಳಿದು ಮುಂದಿನ ಪರೀಕ್ಷೆಗೆ ಹೋಗಬೇಕು.

"ನನಗೆ ಅಭ್ಯಾಸವಿಲ್ಲ, ನನಗೆ ಯಾಕೆ ಬರುತ್ತದೆ?" ಎಂಬ ಮಾತೇ ಇಂಥ ಹೆಣ್ಣುಮಗಳಿಗೆ ಶತ್ರುವಾಗುತ್ತದೆ. ಮೂವತ್ತರ ಒಬ್ಬ ತಾಯಿಯನ್ನು ಕಣ್ಣೆದುರಿಗೆ ತಂದುಕೊಳ್ಳಿ. ಮೊದಲ ತಿಂಗಳು ಅವಳು ಮನೆಮದ್ದು ಮಾಡುತ್ತಾಳೆ. ಎರಡನೆಯ ತಿಂಗಳು ಡಿಸ್ಪೆನ್ಸರಿಯ ಮಾತ್ರೆ, ಅಂಗಡಿಯ ಹಚ್ಚುವ ಮುಲಾಮು. ಮುಲಾಮು ಉರಿಯನ್ನು ಮರೆಸುತ್ತದೆ, ಹುಣ್ಣು ಇದ್ದಲ್ಲಿಯೇ ಇರುತ್ತದೆ. ಮೂರನೆಯ ತಿಂಗಳು ಪೇಟೆಯ ಆಸ್ಪತ್ರೆಗೆ ಹೋಗಬೇಕೆಂದುಕೊಂಡರೆ ಹಾಜರಿ ತಪ್ಪುತ್ತದೆ, ಬಟವಾಡೆಯಲ್ಲಿ ಕಡಿತವಾಗುತ್ತದೆ, ಮಗುವಿಗೆ ಪರೀಕ್ಷೆ, ಊರಿನಲ್ಲಿ ಹಬ್ಬ. ಕಡೆಗೆ ಹೋದಾಗ ಚಿಕ್ಕ ವಯಸ್ಸನ್ನು ನೋಡಿ ಅಲ್ಲಿಯೂ ಇನ್ನೊಂದು ವಾರದ ಮಾತ್ರೆ ಬರೆದು ಕಳುಹಿಸುವುದುಂಟು. ಹೀಗೆ ಯಾರೂ ಕೆಡುಕು ಬಯಸದೆಯೇ ಅರ್ಧ ವರ್ಷ ಕಳೆದುಹೋಗುತ್ತದೆ. ಆದ್ದರಿಂದ ಡಾಕ್ಟರ ಮುಂದೆ ಕುಳಿತಾಗ ಸಂಕೋಚಪಡದೆ ಹೇಳಬೇಕಾದ ಮಾತು ಇದು: "ಡಾಕ್ಟರೇ, ಈ ಹುಣ್ಣು ಎದ್ದು ಮೂರು ವಾರ ದಾಟಿದೆ. ಇದನ್ನು ಪರೀಕ್ಷೆಗೆ ಕಳುಹಿಸಬೇಕೇ?" ಕೇಳುವುದು ಅಗೌರವವಲ್ಲ. ಒಳ್ಳೆಯ ವೈದ್ಯರು ಈ ಪ್ರಶ್ನೆಯನ್ನು ಮೆಚ್ಚುತ್ತಾರೆ.

ಪರೀಕ್ಷೆ ಎಂದರೆ ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬಯಾಪ್ಸಿ ಎನ್ನುತ್ತಾರೆ. ಮರಗಟ್ಟಿಸುವ ಸೂಜಿ ಹಾಕಿ ಮಾಡುವ, ಕೆಲವು ನಿಮಿಷಗಳ ಕೆಲಸ. ಗರ್ಭಿಣಿಯರಿಗೂ ಮಾಡಬಹುದು. "ಕತ್ತಿ ತಾಗಿದರೆ ಹರಡುತ್ತದೆ" ಎಂಬ ಮಾತು ನಮ್ಮ ಲೈನುಗಳಲ್ಲಿ ಬಲವಾಗಿ ಬೇರೂರಿದೆ. ಅದು ನಿಜವಲ್ಲ. ಕತ್ತಿ ತಾಗಿಸದೆ ಬಿಟ್ಟದ್ದೇ ಹರಡುವುದು. ಹುಣ್ಣಿಗೆ ಸುಣ್ಣ ಹಚ್ಚುವುದು, ಸುಡುವುದು, ಹೆಸರು ಗೊತ್ತಿಲ್ಲದ ಪುಡಿ ತುಂಬುವುದು, ಇವುಗಳಿಂದ ಕಾಲವೂ ಹೋಗುತ್ತದೆ, ಹುಣ್ಣಿನ ರೂಪವೂ ಕೆಡುತ್ತದೆ.

ಕ್ಯಾನ್ಸರು ಎಂದು ತಿಳಿದುಬಂದರೆ ನಾಲಗೆಯ ಮುಂಭಾಗಕ್ಕೆ ಮುಖ್ಯ ಚಿಕಿತ್ಸೆ ಆಪರೇಷನ್. ಹುಣ್ಣನ್ನು ಅದರ ಸುತ್ತಲಿನ ಒಳ್ಳೆಯ ಮಾಂಸದ ಒಂದು ಅಂಚಿನೊಡನೆ ತೆಗೆಯುತ್ತಾರೆ. ಒಂದು ರೂಪಾಯಿ ನಾಣ್ಯದ ಅಗಲಕ್ಕಿಂತ ಚಿಕ್ಕದಿದ್ದು ಆಳಕ್ಕೆ ಇಳಿಯದಿದ್ದಾಗ ಹಿಡಿದರೆ ತೆಗೆಯಬೇಕಾದುದು ಸ್ವಲ್ಪವೇ. ನಾಲಗೆಯಿಂದ ಕಾಯಿಲೆ ಮೊದಲು ಇಳಿಯುವುದು ಕತ್ತಿನ ಗ್ರಂಥಿಗಳಿಗೆ. ಅಲ್ಲಿ ಇಳಿದರೆ ಬದುಕುವ ಸಂಭವ ಸುಮಾರು ಅರ್ಧಕ್ಕೆ ಕುಸಿಯುತ್ತದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಅದಕ್ಕಾಗಿಯೇ, ಕತ್ತಿನಲ್ಲಿ ಗಂಟು ಕಾಣದಿದ್ದರೂ ಅಲ್ಲಿನ ಗ್ರಂಥಿಗಳನ್ನು ತೆಗೆಯಬೇಕೆಂದು ಡಾಕ್ಟರು ಹೇಳಬಹುದು. ನಮ್ಮವರಿಗೆ ಇದು ಅರ್ಥವಾಗದೆ "ಹುಣ್ಣಿರುವುದು ನಾಲಗೆಯಲ್ಲಿ, ಕತ್ತು ಯಾಕೆ ಕೊಯ್ಯುತ್ತಾರೆ?" ಎಂದು ಆಸ್ಪತ್ರೆಯಿಂದ ಎದ್ದು ಬರುವುದುಂಟು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಈ ಪ್ರಶ್ನೆಯನ್ನು ನಮ್ಮ ದೇಶದ ರೋಗಿಗಳಲ್ಲಿಯೇ ಪರೀಕ್ಷಿಸಿ 2015ರಲ್ಲಿ ಉತ್ತರ ಪ್ರಕಟಿಸಿದರು. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕತ್ತಿನ ಗ್ರಂಥಿಗಳನ್ನು ಮೊದಲೇ ತೆಗೆದವರಲ್ಲಿ ಮೂರು ವರ್ಷದ ಕೊನೆಗೆ ನೂರಕ್ಕೆ 80 ಮಂದಿ ಬದುಕಿದ್ದರು. ಗಂಟು ಕಾಣಿಸಿದ ಮೇಲೆ ತೆಗೆಯೋಣ ಎಂದು ಕಾದವರಲ್ಲಿ ನೂರಕ್ಕೆ 67.5. ಆ ರೋಗಿಗಳಲ್ಲಿ ಬಹುಪಾಲು ನಾಲಗೆಯ ಕ್ಯಾನ್ಸರಿನವರೇ. ಕತ್ತಿನ ಕೊಯ್ತಕ್ಕೆ ಹೆದರಿ ಹಿಂದೆ ಬರುವ ಮುನ್ನ ಈ ಎರಡು ಅಂಕಿಗಳನ್ನು ನೆನೆಯಿರಿ.

ನಾಲಗೆಯ ಹೆಚ್ಚು ಭಾಗ ತೆಗೆಯಬೇಕಾದಾಗ ಮುಂಗೈಯಿಂದಲೋ ತೊಡೆಯಿಂದಲೋ ಚರ್ಮ ಮಾಂಸ ತಂದು ನಾಲಗೆಯನ್ನು ಕಟ್ಟುತ್ತಾರೆ. ಕೆಲವು ದಿನ ಮೂಗಿನ ನಳಿಕೆಯಲ್ಲಿ ಗಂಜಿ. ಮಾತು ಮೊದಲು ತೊದಲುತ್ತದೆ. ಲ, ಳ, ರ, ಟ ಇಂಥ ಅಕ್ಷರಗಳು ಹಟ ಮಾಡುತ್ತವೆ. ಸ್ವಲ್ಪವೇ ತೆಗೆದವರಿಗೆ ಅಭ್ಯಾಸದಿಂದ ಮಾತು ಬಹುಮಟ್ಟಿಗೆ ಮರಳುತ್ತದೆ. ಕಾಯಿಲೆ ಬೆಳೆದಿದ್ದರೆ ಆಪರೇಷನ್ನಿನ ಮೇಲೆ ವಿಕಿರಣ ಚಿಕಿತ್ಸೆ ಬೇಕಾಗುತ್ತದೆ, ಕೆಲವರಿಗೆ ಅದರ ಜೊತೆ ಔಷಧಿಯ ಡ್ರಿಪ್ಪೂ ಬೇಕಾಗುತ್ತದೆ. ನಮ್ಮ ಜನ ಇದನ್ನು "ಕರೆಂಟು ಕೊಡುವುದು" ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಶಾಕ್ ಹೊಡೆಯುವಂಥದ್ದು ಅದರಲ್ಲಿ ಏನೂ ಇಲ್ಲ. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ. ಬಾಯಿ ಹುಣ್ಣಾಗುತ್ತದೆ, ಜೊಲ್ಲು ಒಣಗುತ್ತದೆ, ರುಚಿ ಹೋಗುತ್ತದೆ. ನಡುವೆ ಬಿಟ್ಟು ಊರಿಗೆ ಬಂದರೆ ಮಾಡಿದ್ದೆಲ್ಲ ವ್ಯರ್ಥವಾಗುವ ಭಯವಿದೆ. ಕೆಟ್ಟ ಹಲ್ಲುಗಳನ್ನು ವಿಕಿರಣಕ್ಕೆ ಮೊದಲೇ ತೆಗೆಸಿಕೊಳ್ಳಬೇಕು. ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡುತ್ತಿದ್ದರೆ, ಮುಂದೆ ಮಗು ಬೇಕೆಂಬ ಆಸೆಯಿದ್ದರೆ ಮೊದಲ ದಿನವೇ ಡಾಕ್ಟರಿಗೆ ಹೇಳಿರಿ. ಚಿಕಿತ್ಸೆಯ ಕ್ರಮವನ್ನು ಅವರು ಅದಕ್ಕೆ ತಕ್ಕಂತೆ ಯೋಚಿಸುತ್ತಾರೆ.

ತೋಟದ ಕೆಲಸದ ಹೆಂಗಸಿಗೆ ಇನ್ನೊಂದು ಮಾತು. ಕತ್ತಿನ ಆಪರೇಷನ್ ಆದ ಮೇಲೆ ಆ ಬದಿಯ ಭುಜ ಬಿಗಿದು ತೋಳು ಮೇಲೆತ್ತಲು ನೋಯುವುದುಂಟು. ಇಡೀ ದಿನ ಎರಡು ಕೈಯಲ್ಲಿ ಎಲೆ ಕಿತ್ತು, ತೂಕದ ಮನೆಗೆ ಚೀಲ ಹೊರುವವಳಿಗೆ ಭುಜವೇ ಅನ್ನ. ಆಸ್ಪತ್ರೆಯಲ್ಲಿ ಕಲಿಸುವ ಭುಜದ ವ್ಯಾಯಾಮವನ್ನು ಬಿಡಬಾರದು. ಮರಳಿ ಬಂದವಳಿಗೆ ನರ್ಸರಿಯಲ್ಲೋ ಶಿಶುವಿಹಾರದಲ್ಲೋ ಹಗುರವಾದ ಕೆಲಸ ಕೊಡಿ ಎಂದು ಕೇಳಲು ಸಂಘದವರು ಅವಳ ಜೊತೆ ಆಫೀಸಿಗೆ ಹೋಗಬೇಕು. ಅವಳೊಬ್ಬಳೇ ಹೋಗಿ ನಿಲ್ಲಬಾರದು, ಅದೂ ಮಾತು ತೊದಲುತ್ತಿರುವಾಗ.

ಖರ್ಚಿನ ಭಯಕ್ಕೂ ಉತ್ತರವಿದೆ. 1951ರ ತೋಟ ಕಾರ್ಮಿಕ ಕಾಯಿದೆ ಮಾಲೀಕರ ಮೇಲೆ ಇರಿಸಿದ್ದ ವೈದ್ಯ ಸೌಕರ್ಯದ ಹೊಣೆ, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲಿಯೂ ಉಳಿದಿದೆ: ಕೆಲಸಗಾರರಿಗೂ ಕುಟುಂಬಕ್ಕೂ ಆರೋಗ್ಯ ಸೌಕರ್ಯ, ಇಲ್ಲವೇ ಇ.ಎಸ್.ಐ. ರಕ್ಷಣೆ. ಕೇರಳ, ತಮಿಳುನಾಡು ಎರಡೂ ಕಡೆ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸರಕಾರಿ ವಿಮಾ ಕಾರ್ಡು ಇದೆ. ನಿಮ್ಮ ಮನೆಯ ಕಾರ್ಡು ಪೆಟ್ಟಿಗೆಯಲ್ಲಿದೆಯೇ, ಅದರಲ್ಲಿ ಸೊಸೆಯ ಹೆಸರು ಸೇರಿದೆಯೇ ಎಂದು ಇಂದೇ ನೋಡಿರಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿಯಿದೆ. ನೀಲಗಿರಿಯವರು ಕೊಯಮತ್ತೂರಿನ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ವೈನಾಡಿನವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ, ಕನ್ನಡದಲ್ಲಿಯೇ ಮಾತನಾಡಬೇಕೆನ್ನುವವರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬಹುದು. ಮದರಾಸಿನ ಅಡಿಯಾರ್ ಕ್ಯಾನ್ಸರ್ ಆಸ್ಪತ್ರೆಯನ್ನು 1954ರಲ್ಲಿ ಆರಂಭಿಸಿದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ತಮ್ಮ ತಂಗಿಯನ್ನೇ ಕ್ಯಾನ್ಸರಿಗೆ ಕಳೆದುಕೊಂಡವರು. ಒಬ್ಬ ಅಕ್ಕನ ದುಃಖದಿಂದ ಎದ್ದ ಆ ಆಸ್ಪತ್ರೆ ಎಷ್ಟೋ ಮನೆಗಳ ತಂಗಿಯರಿಗೆ ಆಸರೆಯಾಯಿತು.

ಮನೆಯವರಿಗೆ ಒಂದು ವಿನಂತಿ. ಕ್ಯಾನ್ಸರು ಅಂಟುವ ರೋಗವಲ್ಲ. ಅವಳ ತಟ್ಟೆ ಲೋಟ ಬೇರೆ ಇಡಬೇಡಿ. ಅವಳು ಮಗುವನ್ನು ಮುದ್ದಿಸುವುದನ್ನು ತಡೆಯಬೇಡಿ. ಯಾರದೋ ಶಾಪ, ಯಾವುದೋ ಪಾಪದ ಫಲ ಎಂದು ಪಿಸುಗುಟ್ಟಬೇಡಿ. ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಕಾಯಿಲೆಯನ್ನು ಮುಚ್ಚಿಡಬೇಡಿ. ಗಂಡಂದಿರೇ, ಆರು ವಾರ ಅವಳ ಜೊತೆ ಆಸ್ಪತ್ರೆಗೆ ಹೋಗುವವರು ಯಾರು, ಮನೆಯಲ್ಲಿ ಒಲೆ ಹಚ್ಚುವವರು ಯಾರು ಎಂದು ಮೊದಲ ದಿನವೇ ನಿರ್ಧರಿಸಿರಿ. ಚಿಕಿತ್ಸೆ ಮುಗಿದ ಮೇಲೂ ಡಾಕ್ಟರು ಕರೆದ ದಿನ ತಪ್ಪದೆ ಹೋಗಬೇಕು. ಕಾಯಿಲೆ ಮರಳಿದರೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿಯೇ ಮರಳುತ್ತದೆ.

ಬಾಯಿ ನೋಡುವುದರಿಂದ ಪ್ರಾಣ ಉಳಿಯುತ್ತದೆಯೇ ಎಂದು ಕೇಳುವವರಿಗೆ ಕೇರಳವೇ ಉತ್ತರ ಕೊಟ್ಟಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬರೀ ಕಣ್ಣಿನಿಂದ ಬಾಯಿಗಳನ್ನು ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರ ಪೈಕಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಆದರೆ ಅಲ್ಲಿ ನೋಡಿದ್ದು 35 ವರ್ಷ ದಾಟಿದವರನ್ನು. ಈಗ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಯುವ ತಪಾಸಣೆಯೂ 30 ದಾಟಿದವರಿಗೆ. ಅಂದ ಮೇಲೆ ಇಪ್ಪತ್ತೈದರ ನಮ್ಮ ಹುಡುಗಿಯ ಬಾಯಿ ನೋಡಲು ಯಾರೂ ಮನೆಗೆ ಬರುವುದಿಲ್ಲ. ಅವಳೇ ನೋಡಿಕೊಳ್ಳಬೇಕು, ನಾವು ಅವಳಿಗೆ ನೆನಪಿಸಬೇಕು.

ನೋಡುವುದು ಕಷ್ಟವಲ್ಲ. ಕೈ ತೊಳೆದು, ಬಾಗಿಲ ಬಳಿ ಬೆಳಕಿಗೆ ಕನ್ನಡಿ ಹಿಡಿದು ನಿಲ್ಲಿರಿ. ನಾಲಗೆಯ ತುದಿಯನ್ನು ಒಗೆದ ಬಟ್ಟೆಯಲ್ಲಿ ಹಿಡಿದು ಬಲಕ್ಕೆ ಎಳೆದು ಎಡ ಅಂಚನ್ನು, ಎಡಕ್ಕೆ ಎಳೆದು ಬಲ ಅಂಚನ್ನು ಹಿಂಭಾಗದವರೆಗೂ ನೋಡಿರಿ. ನಾಲಗೆ ಮೇಲೆತ್ತಿ ಅಡಿಭಾಗ ನೋಡಿರಿ. ಕೆನ್ನೆಯ ಒಳಭಾಗ, ವಸಡು ನೋಡಿರಿ. ಬೆರಳಿನಿಂದ ಮೆಲ್ಲನೆ ಒತ್ತಿ ಗಟ್ಟಿ ಇದೆಯೇ ತಿಳಿಯಿರಿ. ಕತ್ತಿನ ಎರಡೂ ಬದಿ ಮುಟ್ಟಿ ನೋಡಿರಿ. ಅಮ್ಮ ಮಗಳ ಬಾಯಿಯನ್ನು, ಮಗಳು ಅಮ್ಮನ ಬಾಯಿಯನ್ನು ನೋಡಿದರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ, ಬಟವಾಡೆಯ ನಂತರದ ಭಾನುವಾರ ಎಂದು ಗೊತ್ತು ಮಾಡಿಕೊಳ್ಳಿರಿ.

ಪ್ರಿಯ ಓದುಗರೇ, ಈ ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ ಓದಲು ಬಾರದ ಪಕ್ಕದ ಮನೆಯವರಿಗೆ ಓದಿ ಹೇಳಿರಿ. ನಿಮ್ಮ ಸಾಲಿನಲ್ಲಿ ಎಲೆ ಕೀಳುವವಳು ಕೆಲವು ದಿನಗಳಿಂದ ಒಂದೇ ಬದಿಯಲ್ಲಿ ಅಗಿಯುತ್ತಿದ್ದರೆ, ಖಾರ ಬಿಟ್ಟು ಗಂಜಿ ಮಾತ್ರ ಉಣ್ಣುತ್ತಿದ್ದರೆ ಕೇಳಿರಿ: "ಯಾಕವ್ವಾ, ಬಾಯಿ ನೋಯ್ತದಾ? ಎಷ್ಟು ಭಾನುವಾರ ಆಯ್ತು?" ಮೂರು ಎಂದು ಅವಳು ಹೇಳಿದರೆ ಮರುದಿನದ ನಿಮ್ಮ ಒಂದು ಹಾಜರಿ ಹೋದರೂ ಹೋಗಲಿ, ಅವಳ ಜೊತೆ ಬಸ್ಸು ಹತ್ತಿರಿ.